ನಾಣ್ಯದಲ್ಲಿ ‘ತಪ್ಪು’ ಕಂಡರೆ ಲಕ್ಷ ರೂಪಾಯಿ ಸಿಗುತ್ತದೆಯೇ? ಟಂಕಸಾಲೆಯ ದೋಷವನ್ನು ಗುರುತಿಸುವುದು ಹೀಗೆ

“ನಿಮ್ಮ ಬಳಿ ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯ ಇದೆಯೇ? ಹಾಗಾದರೆ ನೀವು ಲಕ್ಷಾಧಿಪತಿ!” “ಈ ನಾಣ್ಯದಲ್ಲಿ ಇಸವಿಯ ಕೆಳಗೆ ಗುರುತೇ ಇಲ್ಲ, ಇದು ಅಪರೂಪದ ಎರರ್ ಕಾಯಿನ್. ಕೂಡಲೇ ಈ ನಂಬರಿಗೆ ಫೋಟೋ ಕಳುಹಿಸಿ.”

ಇಂಥ ಧಾಟಿಯ ಸಂದೇಶ, ರೀಲ್ಸ್ ಅಥವಾ ಯೂಟ್ಯೂಬ್ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಫಾರ್ವರ್ಡ್‌ಗಳನ್ನು ಓದುವುದು, ಅವು ಯಾಕೆ ಹರಡುತ್ತವೆ ಎಂದು ನೋಡುವುದು ನನ್ನ ಕೆಲಸದ ಭಾಗ. ನಾಣ್ಯದ ಫಾರ್ವರ್ಡ್‌ಗಳ ವಿಶೇಷ ಏನೆಂದರೆ, ಅವು ಪೂರ್ತಿ ಸುಳ್ಳಲ್ಲ. ಟಂಕಸಾಲೆಯಲ್ಲಿ ತಪ್ಪುಗಳು ಆಗುವುದು ನಿಜ. ಅಂಥ ನಾಣ್ಯಗಳನ್ನು ಸಂಗ್ರಹಿಸುವವರು ಇರುವುದೂ ನಿಜ. ಆ ಎರಡು ನಿಜಗಳ ನಡುವೆ ಸುಳ್ಳನ್ನು ತುರುಕಲಾಗುತ್ತದೆ. ಅದನ್ನು ನಂಬಿದವರು ಹಣ ಕಳೆದುಕೊಳ್ಳುತ್ತಾರೆ.

ಹಾಗಾಗಿ “ಎಲ್ಲಾ ಸುಳ್ಳು, ನಂಬಬೇಡಿ” ಎಂದಷ್ಟೇ ಹೇಳಿದರೆ ಸಾಲದು. ನಿಜವಾದ ದೋಷ ಹೇಗಿರುತ್ತದೆ ಎಂದು ತಿಳಿದಿದ್ದರೆ ಸುಳ್ಳನ್ನು ನಾವೇ ಗುರುತಿಸಬಹುದು. ಅದಕ್ಕೆ ನೆನಪಿಡಬೇಕಾದ ಪ್ರಶ್ನೆ ಒಂದೇ: ಈ ವಿಚಿತ್ರ ನಾಣ್ಯ ಹುಟ್ಟುವಾಗಲೇ ಆದದ್ದೇ, ಅಥವಾ ಹುಟ್ಟಿದ ಮೇಲೆ ಆದದ್ದೇ? ಹುಟ್ಟುಮಚ್ಚೆಗೂ ಗಾಯದ ಕಲೆಗೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು.

ನಾಣ್ಯ ತಯಾರಾಗುವುದು ಹೇಗೆ?

ಭಾರತ ಸರ್ಕಾರದ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ. ನಾಣ್ಯದ ವಿನ್ಯಾಸವನ್ನು ನಿರ್ಧರಿಸಿ ಟಂಕಿಸುವುದು ಕೇಂದ್ರ ಸರ್ಕಾರ. ಅದನ್ನು ಚಲಾವಣೆಗೆ ಬಿಡುವುದು ರಿಸರ್ವ್ ಬ್ಯಾಂಕ್.

ಮೊದಲು ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆಮೇಲೆ ಬಿಲ್ಲೆಗಳನ್ನು ಕಾಯಿಸಿ ಮೆದು ಮಾಡುತ್ತಾರೆ. ಅಂಚನ್ನು ಒತ್ತಿ ಸುತ್ತಲೂ ಸಣ್ಣ ಏರು ಬರುವಂತೆ ಮಾಡುತ್ತಾರೆ. ತೊಳೆದು ಹೊಳಪು ಕೊಡುತ್ತಾರೆ. ಕೊನೆಗೆ ಬಿಲ್ಲೆ ಎರಡು ಉಕ್ಕಿನ ಅಚ್ಚುಗಳ ನಡುವೆ ಬಂದು ಕೂರುತ್ತದೆ. ಸುತ್ತಲೂ ಬಳೆಯಂಥ ಒಂದು ಉಕ್ಕಿನ ಉಂಗುರ ಇರುತ್ತದೆ, ಅದಕ್ಕೆ ಕಾಲರ್ ಎನ್ನುತ್ತಾರೆ. ಅಚ್ಚುಗಳು ಭಾರೀ ಒತ್ತಡದಲ್ಲಿ ಒಂದೇ ಏಟು ಕೊಡುತ್ತವೆ. ಎರಡೂ ಮುಖ ಮತ್ತು ಅಂಚು ಒಟ್ಟಿಗೇ ಮೂಡುತ್ತವೆ. ಬಿಲ್ಲೆ ನಾಣ್ಯವಾಗುವುದು ಆ ಕ್ಷಣದಲ್ಲಿ.

ಯಂತ್ರಗಳು ಎಡೆಬಿಡದೆ ಈ ಕೆಲಸ ಮಾಡುವಾಗ ಅಲ್ಲೊಂದು ಇಲ್ಲೊಂದು ಎಡವಟ್ಟಾಗುವುದು ಸಹಜ. ಬಹುಪಾಲು ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡವು ಚೀಲದೊಳಗೆ ಸೇರಿ ಬ್ಯಾಂಕಿಗೆ, ಅಲ್ಲಿಂದ ಅಂಗಡಿಗೆ, ಕೊನೆಗೆ ನಮ್ಮ ಜೇಬಿಗೆ ಬರುತ್ತವೆ. ತಪ್ಪು ಆಗಬಹುದಾದ ಜಾಗ ಮೂರೇ: ಬಿಲ್ಲೆ, ಅಚ್ಚು, ಏಟು. ನಿಮ್ಮ ಕೈಲಿರುವ ನಾಣ್ಯದ ವಿಚಿತ್ರವನ್ನು ಈ ಮೂರರಲ್ಲಿ ಒಂದಕ್ಕೂ ಜೋಡಿಸಲಾಗದಿದ್ದರೆ ಅದು ಟಂಕಸಾಲೆಯ ದೋಷವಲ್ಲ.

ಬಿಲ್ಲೆಯ ದೋಷ: ನಿಪ್ಪಟ್ಟಿನ ಲೆಕ್ಕಾಚಾರ

ಹಿಟ್ಟನ್ನು ಅಗಲವಾಗಿ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ನಿಪ್ಪಟ್ಟು ಕತ್ತರಿಸುವುದನ್ನು ನೆನಪಿಸಿಕೊಳ್ಳಿ. ಈಗಾಗಲೇ ಕತ್ತರಿಸಿದ ಜಾಗದ ಮೇಲೆ ಮುಚ್ಚಳ ಸ್ವಲ್ಪ ಸರಿದು ಕೂತರೆ, ಮುಂದಿನ ನಿಪ್ಪಟ್ಟಿನ ಒಂದು ಬದಿ ಕಚ್ಚಿದಂತೆ ಬಾಗಿ ಕಾಣೆಯಾಗಿರುತ್ತದೆ. ನಾಣ್ಯದಲ್ಲೂ ಹಾಗೆಯೇ. ಇದನ್ನು ಸಂಗ್ರಹಕಾರರು ‘ಕ್ಲಿಪ್ಡ್’ ನಾಣ್ಯ ಎನ್ನುತ್ತಾರೆ. ಕಚ್ಚಿದ ಭಾಗ ಸಾಮಾನ್ಯವಾಗಿ ಕಮಾನಿನಂತೆ ಬಾಗಿರುತ್ತದೆ, ಪಟ್ಟಿಯ ಅಂಚಿನಲ್ಲಿ ಕತ್ತರಿಸಿದ್ದರೆ ನೇರವಾಗಿರುತ್ತದೆ.

ಆದರೆ ಅರದಿಂದ ಉಜ್ಜಿ ಯಾರು ಬೇಕಾದರೂ ಹೀಗೆ ಮಾಡಬಹುದಲ್ಲ? ಮಾಡಬಹುದು. ಪತ್ತೆ ಹಚ್ಚಲು ಒಂದು ಸೊಗಸಾದ ಉಪಾಯವಿದೆ. ಕಚ್ಚಿದ ಭಾಗದ ಸರಿಯಾಗಿ ಎದುರು ಅಂಚನ್ನು ನೋಡಿ. ಅಂಚನ್ನು ಒತ್ತುವ ಯಂತ್ರದಲ್ಲಿ ಬಿಲ್ಲೆ ಎರಡು ಕಡೆಯಿಂದ ಹಿಸುಕಿಕೊಂಡು ಉರುಳುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೆ ಒತ್ತಡ ಬೀಳುವುದಿಲ್ಲ. ಹಾಗಾಗಿ ನಿಜವಾದ ದೋಷದಲ್ಲಿ ಎದುರು ಬದಿಯ ಏರು ಬಹುಮಟ್ಟಿಗೆ ತೆಳುವಾಗಿ, ಮಂಕಾಗಿ ಇರುತ್ತದೆ. ಆಮೇಲೆ ಅರ ಹಾಕಿದ ನಾಣ್ಯದಲ್ಲಿ ಎದುರು ಬದಿ ಗಟ್ಟಿಯಾಗಿಯೇ ಇರುತ್ತದೆ. ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎಂದು ಕರೆಯುತ್ತಾರೆ. ಕೃತಕವಾಗಿ ತಯಾರಿಸುವುದು ಬಹಳ ಕಷ್ಟ.

ಏನೂ ಮುದ್ರಣವಿಲ್ಲದ ಖಾಲಿ ಬಿಲ್ಲೆ, ಬೇರೆ ಮೌಲ್ಯದ ನಾಣ್ಯಕ್ಕೆಂದು ಇಟ್ಟಿದ್ದ ಬಿಲ್ಲೆಯ ಮೇಲೆ ಬಿದ್ದ ಏಟು, ಲೋಹದ ಪದರ ಸಿಪ್ಪೆಯಂತೆ ಎದ್ದಿರುವುದು ಇವೂ ಬಿಲ್ಲೆಯ ದೋಷಗಳೇ.

10 ಮತ್ತು 20 ರೂಪಾಯಿಯ ಎರಡು ಲೋಹದ ನಾಣ್ಯಗಳದ್ದು ಬೇರೆಯೇ ಕಥೆ. ಹೊರಗಿನ ಉಂಗುರವೂ ನಡುವಿನ ಬಿಲ್ಲೆಯೂ ಒಂದಕ್ಕೊಂದು ಅಂಟಿಕೊಳ್ಳುವುದು ಏಟು ಬೀಳುವ ಕ್ಷಣದಲ್ಲಿ. ನಡುವಿನ ಬಿಲ್ಲೆ ಇಲ್ಲದೆಯೇ ಏಟು ಬಿದ್ದಿದ್ದರೆ ಉಂಗುರದ ಲೋಹ ಒಳಮುಖವಾಗಿ ಹರಿದು ರಂಧ್ರದ ಆಕಾರವೇ ಕೆಟ್ಟಿರುತ್ತದೆ. ಬಿಲ್ಲೆ ಪಕ್ಕಕ್ಕೆ ಸರಿದಿದ್ದಾಗ ಏಟು ಬಿದ್ದಿದ್ದರೆ ವಿನ್ಯಾಸ ಆ ಸರಿದ ಆಕಾರದ ಮೇಲೆಯೇ ಮೂಡಿರುತ್ತದೆ. ಸುತ್ತಿಗೆಯಿಂದ ಹೊಡೆದು ನಡುವಿನ ಭಾಗ ಬೀಳಿಸಿದ್ದರೆ ರಂಧ್ರ ಚೊಕ್ಕವಾಗಿ ದುಂಡಗಿರುತ್ತದೆ, ಅದರ ಅಂಚಿನಲ್ಲಿ ತರಚಿದ ಗುರುತು ಕಾಣುತ್ತದೆ. ಇದು ದೋಷವಲ್ಲ, ಹಾಳುಮಾಡಿದ ನಾಣ್ಯ.

ಅಚ್ಚಿನ ದೋಷ: ಸಂಕ್ರಾಂತಿಯ ಸಕ್ಕರೆ ಅಚ್ಚು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಗಳಲ್ಲಿ ಇದು ಹೇಳದೆಯೇ ಗೊತ್ತಿರುತ್ತದೆ. ಮರದ ಅಚ್ಚಿನಲ್ಲಿ ಒಂದು ಬಿರುಕಿದ್ದರೆ ಅದರಲ್ಲಿ ಹುಯ್ದ ಪ್ರತಿ ಆನೆ, ಪ್ರತಿ ನವಿಲಿನ ಮೈಮೇಲೂ ಅದೇ ಜಾಗದಲ್ಲಿ ಒಂದು ಉಬ್ಬಿದ ಗೆರೆ ಬರುತ್ತದೆ. ಅಚ್ಚಿನ ಗುಳಿ ವಸ್ತುವಿನ ಮೇಲೆ ಉಬ್ಬಾಗುತ್ತದೆ.

ನಾಣ್ಯಕ್ಕೂ ಇದೇ ನಿಯಮ. ಅಚ್ಚು ಬಳಸಿ ಬಳಸಿ ಬಿರುಕು ಬಿಟ್ಟರೆ ನಾಣ್ಯದ ಮೇಲೆ ದಾರದಂಥ ಉಬ್ಬು ಗೆರೆ ಮೂಡುತ್ತದೆ. ಅಚ್ಚಿನ ಅಂಚಿನ ತುಂಡೇ ಮುರಿದುಬಿದ್ದರೆ ನಾಣ್ಯದ ಅಂಚಿನಲ್ಲಿ ವಿನ್ಯಾಸವಿಲ್ಲದ ಲೋಹದ ಮುದ್ದೆ ಕಾಣುತ್ತದೆ. ಆದ್ದರಿಂದ ಉಗುರಿನ ತುದಿಯಿಂದ ಸವರಿ ನೋಡಿ. ಗೆರೆ ತಗ್ಗಿನಲ್ಲಿದ್ದರೆ ಅದು ಬಹುತೇಕ ಯಾವುದೋ ಬೀಗದ ಕೈ ಗೀರಿದ ಗುರುತು. ಉಬ್ಬಿದ್ದರೆ ಅಚ್ಚಿನ ಬಿರುಕು ಇರಬಹುದು.

ಅಚ್ಚಿನ ಸಣ್ಣ ಗುಳಿಗಳಲ್ಲಿ ಗ್ರೀಸ್, ಕೊಳೆ ತುಂಬಿಕೊಂಡರೆ ಅಕ್ಷರವೋ ಅಂಕಿಯೋ ಮಂಕಾಗುತ್ತದೆ, ಕೆಲವೊಮ್ಮೆ ಪೂರ್ತಿ ಮಾಯವಾಗುತ್ತದೆ. ಇದು ಬಹಳ ಸಾಮಾನ್ಯ ದೋಷ, ಹಾಗಾಗಿ ಬೆಲೆಯೂ ಅಷ್ಟಕ್ಕಷ್ಟೇ. ಅಂಕಿ ಸವೆದು ಹೋಗಿರುವುದನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಸವೆದ ನಾಣ್ಯದಲ್ಲಿ ಸುತ್ತಲಿನ ಭಾಗವೂ ನುಣುಪಾಗಿ ತಗ್ಗಿರುತ್ತದೆ. ಕೊಳೆ ತುಂಬಿದ ಅಚ್ಚಿನ ನಾಣ್ಯದಲ್ಲಿ ಒಂದು ಅಕ್ಷರ ಮಾಯವಾಗಿದ್ದರೂ ಪಕ್ಕದ್ದು ಚೂಪಾಗಿಯೇ ಇರಬಹುದು.

ಇನ್ನು ಯೂಟ್ಯೂಬ್ ವಿಡಿಯೋಗಳಿಗೆ ಬಹಳ ಪ್ರಿಯವಾದ ‘ಡಬಲ್ ಡೈ’. ಅಚ್ಚು ತಯಾರಿಸುವಾಗಲೇ ವಿನ್ಯಾಸ ಎರಡು ಸಲ ಸ್ವಲ್ಪ ಸರಿದು ಮೂಡಿದ್ದರೆ ಆ ಅಚ್ಚಿನಿಂದ ಬಂದ ಎಲ್ಲಾ ನಾಣ್ಯಗಳಲ್ಲೂ ಅಕ್ಷರ ಜೋಡಿಯಾಗಿ ಕಾಣುತ್ತದೆ. ಅಮೆರಿಕದ 1955ರ ಒಂದು ಸೆಂಟ್ ನಾಣ್ಯ ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. ಅದರ ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಆದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ತೋರಿಸುವ ಹೆಚ್ಚಿನ ‘ಡಬಲ್’ಗಳು ಇದಲ್ಲ. ಏಟು ಬೀಳುವಾಗ ಅಚ್ಚು ಸ್ವಲ್ಪ ಅಲುಗಿದರೆ ಅಕ್ಷರದ ಬದಿ ಮೆಟ್ಟಿಲಿನಂತೆ ಚಪ್ಪಟೆಯಾಗುತ್ತದೆ. ನಿಜವಾದ ಡಬಲ್ ಡೈಯಲ್ಲಿ ಎರಡನೇ ಆಕೃತಿಯೂ ದುಂಡಗೆ ಉಬ್ಬಿರುತ್ತದೆ, ಅಕ್ಷರ ದಪ್ಪಗಾಗಿ ಮೂಲೆಗಳು ಸೀಳಿದಂತಿರುತ್ತವೆ. ಅಲುಗಾಟದಿಂದ ಆದದ್ದರಲ್ಲಿ ಅಕ್ಷರ ಕಿರಿದಾಗಿ ಪಕ್ಕದಲ್ಲಿ ಬರೀ ಚಪ್ಪಟೆ ಮೆಟ್ಟಿಲು ಇರುತ್ತದೆ. ಎರಡನೆಯದಕ್ಕೆ ಸಂಗ್ರಹಕಾರರು ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ.

ಏಟಿನ ದೋಷ: ಕಣ್ಣಿಗೆ ರಾಚುವಂಥವು

ಬಿಲ್ಲೆ ಅಚ್ಚುಗಳ ನಡುವೆ ಸರಿಯಾಗಿ ಕೂರದಿದ್ದರೆ ವಿನ್ಯಾಸದ ಅರ್ಧ ಮಾತ್ರ ಮೂಡಿ ಉಳಿದರ್ಧ ಖಾಲಿ ಇರುತ್ತದೆ. ಕಾಲರ್ ತನ್ನ ಜಾಗದಲ್ಲಿಲ್ಲದಿದ್ದರೆ ಲೋಹ ಹೊರಕ್ಕೆ ಹರಡಿ ನಾಣ್ಯ ಅಗಲವಾಗುತ್ತದೆ, ಅಂಚಿನ ಏರೇ ಇರುವುದಿಲ್ಲ. ಟಂಕಿಸಿದ ನಾಣ್ಯ ಹೊರಬೀಳದೆ ಅಲ್ಲೇ ಉಳಿದರೆ ಎರಡನೇ ಏಟು ಬೀಳಬಹುದು. ಅಥವಾ ಅದು ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ಕನ್ನಡಿಯಲ್ಲಿ ಕಂಡಂಥ ತಿರುಗುಮುರುಗು, ತಗ್ಗಿದ ಚಿತ್ರವನ್ನು ಒತ್ತಬಹುದು. ಸಂಗ್ರಹಕಾರರು ಹೆಚ್ಚು ಇಷ್ಟಪಡುವುದು ಇಂಥವನ್ನು.

ಅಚ್ಚು ತಿರುಗಿರುವುದು ಇನ್ನೊಂದು ಬಗೆ. ಇದನ್ನು ಮನೆಯಲ್ಲೇ ನೋಡಬಹುದು. ಅಶೋಕ ಸ್ತಂಭದ ಸಿಂಹಗಳು ನೇರವಾಗಿ ನಿಲ್ಲುವಂತೆ ನಾಣ್ಯ ಹಿಡಿದು, ಪುಸ್ತಕದ ಹಾಳೆ ಮಗುಚುವಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ಇಂದಿನ ನಾಣ್ಯಗಳಲ್ಲಿ ಇನ್ನೊಂದು ಮುಖವೂ ನೇರವಾಗಿಯೇ ಕಾಣಬೇಕು. ಅಮೆರಿಕದ ನಾಣ್ಯಗಳನ್ನು ಹಾಗೆ ತಿರುಗಿಸಿದರೆ ತಲೆಕೆಳಗಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿನ ಪದ್ಧತಿಯೇ ಬೇರೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿನ ನಾಣ್ಯವನ್ನು ‘ದೋಷ’ ಎಂದುಕೊಳ್ಳಬೇಡಿ. ಒಂದೆರಡು ಡಿಗ್ರಿಯ ಓರೆ ಲೆಕ್ಕಕ್ಕಿಲ್ಲ. ಕಾಲುಭಾಗ, ಅರ್ಧಭಾಗ ತಿರುಗಿದ್ದರೆ ಅದು ಗಮನಿಸಬೇಕಾದ ನಾಣ್ಯ.

ದೋಷವೇ ಅಲ್ಲದ ‘ದೋಷಗಳು’

ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ತಿರುಗಾಡುವುದು ಇವೇ.

*“ಇಸವಿಯ ಕೆಳಗೆ ಗುರುತಿಲ್ಲ.”* ಮುಂಬೈನಲ್ಲಿ ಟಂಕಿಸಿದ ನಾಣ್ಯಕ್ಕೆ ಇಸವಿಯ ಕೆಳಗೆ ವಜ್ರದಾಕಾರ, ಹೈದರಾಬಾದಿನದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ಚುಕ್ಕೆ. ಕೋಲ್ಕತ್ತದ ನಾಣ್ಯಕ್ಕೆ ಯಾವ ಗುರುತೂ ಇರುವುದಿಲ್ಲ. ಅಂದರೆ ಗುರುತಿಲ್ಲದಿರುವುದೇ ಅದರ ಗುರುತು. ನಿಮ್ಮ ಮನೆಯ ಚಿಲ್ಲರೆ ಡಬ್ಬಿಯಲ್ಲೂ ಅಂಥವು ಇರಬಹುದು.

*“ನಕ್ಷತ್ರ ಇರುವ ನಾಣ್ಯ ಅಪರೂಪ” ಅಥವಾ “ನಕಲಿ”.* ನಾಣ್ಯದ ನಕ್ಷತ್ರ ಹೈದರಾಬಾದನ್ನು ಸೂಚಿಸುತ್ತದೆ, ಅಷ್ಟೇ. ನೋಟಿನ ಸಂಖ್ಯೆಯ ನಡುವೆ ಬರುವ ನಕ್ಷತ್ರದ ಅರ್ಥ ಬೇರೆ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ನೋಟಿಗೆ ಆ ಗುರುತು ಹಾಕುತ್ತಾರೆ. ಅಂಥ ನೋಟುಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ.

*“ಇಂಗ್ಲಿಷ್ ಅಕ್ಷರವಿರುವ ನಾಣ್ಯ.”* ಬೇಡಿಕೆ ಪೂರೈಸಲು ಭಾರತ ಕೆಲವೊಮ್ಮೆ ವಿದೇಶಿ ಟಂಕಸಾಲೆಗಳಲ್ಲಿಯೂ ನಾಣ್ಯ ಮಾಡಿಸಿದೆ. 1985ರ ಕೆಲವು ನಾಣ್ಯಗಳಲ್ಲಿರುವ ‘ಎಚ್’ ಅಕ್ಷರ ಬ್ರಿಟನ್ನಿನ ಹೀಟನ್ ಟಂಕಸಾಲೆಯದು. 1990ರ ದಶಕದ ಕೊನೆಯ ಕೆಲವು ನಾಣ್ಯಗಳಲ್ಲಿ ‘ಎಂ’ ಮೇಲೆ ಸಣ್ಣ ‘ಒ’ ಇದ್ದರೆ ಅದು ಮೆಕ್ಸಿಕೋದ್ದು. ಇವು ಕುತೂಹಲದ ನಾಣ್ಯಗಳು ಹೌದು, ತಪ್ಪು ನಾಣ್ಯಗಳಲ್ಲ.

*“1 ರೂಪಾಯಿ ನಾಣ್ಯ 2 ರೂಪಾಯಿಯ ಬಿಲ್ಲೆಯ ಮೇಲೆ ಮುದ್ರಿತವಾಗಿದೆ.”* 2011ರಲ್ಲಿ ರೂಪಾಯಿ ಚಿಹ್ನೆಯಿರುವ ಹೊಸ ಸರಣಿ ಬಂದಾಗ ಗಾತ್ರಗಳೇ ಬದಲಾದವು. ಹೊಸ 1 ರೂಪಾಯಿ ಸುಮಾರು 22 ಮಿಲಿಮೀಟರ್ ಅಗಲ, 3.79 ಗ್ರಾಂ ತೂಕಕ್ಕೆ ಇಳಿಯಿತು. ಹೊಸ 2 ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ ಆಯಿತು. ಅದಕ್ಕೂ ಹಿಂದಿನ ಸ್ಟೀಲಿನ 1 ರೂಪಾಯಿಯೂ 25 ಮಿಲಿಮೀಟರ್, 4.85 ಗ್ರಾಂ ಇತ್ತು. ಹಳೆಯ ಒಂದು ರೂಪಾಯಿಯೂ ಹೊಸ ಎರಡು ರೂಪಾಯಿಯೂ ಒಂದೇ ಅಳತೆ! ಬಸ್ಸಿನಲ್ಲಿ ಕೈ ತಪ್ಪಿ ಒಂದರ ಬದಲು ಎರಡು ಕೊಡುವುದಕ್ಕೆ ಇದೇ ಕಾರಣ. ಹೋಲಿಸುವಾಗ ಒಂದೇ ಮೌಲ್ಯ, ಒಂದೇ ಸರಣಿಯ ನಾಣ್ಯಗಳನ್ನೇ ಹೋಲಿಸಬೇಕು.

*“10 ರೂಪಾಯಿ ನಾಣ್ಯದಲ್ಲಿ 10 ಗೆರೆ ಇದ್ದರೆ ಅಸಲಿ, 15 ಗೆರೆ ಇದ್ದರೆ ನಕಲಿ.”* ಈ ಒಂದು ಸುಳ್ಳು ನಿಜವಾದ ತೊಂದರೆ ಕೊಟ್ಟಿದೆ. ನಮ್ಮಲ್ಲೂ ಹಲವು ಕಡೆ ಅಂಗಡಿಯವರು, ಆಟೋದವರು 10 ರೂಪಾಯಿ ನಾಣ್ಯವನ್ನು “ನಡೆಯಲ್ಲ” ಎಂದು ತಿರಸ್ಕರಿಸಿದ್ದರ ಹಿಂದೆ ಇದ್ದದ್ದು ಇಂಥ ಸಂದೇಶಗಳೇ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನೀಡಿದ ಹೇಳಿಕೆಯ ಪ್ರಕಾರ ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ 10 ರೂಪಾಯಿ ನಾಣ್ಯ ಬಂದಿತ್ತು, ಎಲ್ಲವೂ ಸಿಂಧು. ರೂಪಾಯಿ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

*“ಅಯಸ್ಕಾಂತಕ್ಕೆ ಅಂಟುತ್ತದೆ, ಹಾಗಾಗಿ ವಿಶೇಷ.”* ಇತ್ತೀಚಿನ 1, 2 ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಬಗೆಯ ಸ್ಟೀಲಿನವು. ಹಳೆಯ ತಾಮ್ರ-ನಿಕ್ಕಲ್ ನಾಣ್ಯಗಳು ಅಂಟುವುದಿಲ್ಲ. ಎರಡೂ ಸರಿಯೇ.

*“ವೈಷ್ಣೋದೇವಿ ನಾಣ್ಯ.”* ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರಲ್ಲಿ 5 ಮತ್ತು 10 ರೂಪಾಯಿಯ ಸ್ಮಾರಕ ನಾಣ್ಯಗಳು ಬಂದವು. ಜನರ ಕೈಗೆ ಚಲಾವಣೆಗೆಂದೇ ಬಂದ ನಾಣ್ಯಗಳಿವು. ಭಕ್ತಿಯಿಂದ ಇಟ್ಟುಕೊಳ್ಳುವುದು ನಿಮ್ಮ ಇಷ್ಟ, ಲಕ್ಷದ ಆಸೆಯಿಂದ ಇಟ್ಟುಕೊಳ್ಳಬೇಡಿ.

ಹುಟ್ಟಿದ ಮೇಲೆ ಆದ ಗಾಯಗಳು

ರೈಲು ಹಳಿಯ ಮೇಲಿಟ್ಟು ಚಪ್ಪಟೆಯಾದ ನಾಣ್ಯ, ಬೆಂಕಿಗೆ ಬಿದ್ದು ಬಣ್ಣ ಬದಲಿಸಿದ ನಾಣ್ಯ, ತಾಮ್ರವೋ ಚಿನ್ನದ ಬಣ್ಣವೋ ಲೇಪಿಸಿದ ನಾಣ್ಯ, ತೂತು ಕೊರೆದು ದಾರ ಪೋಣಿಸಿದ ನಾಣ್ಯ, ಆಮ್ಲದಲ್ಲಿ ಅದ್ದಿ ತೆಳುವಾದ ನಾಣ್ಯ. ಇವು ಯಾವುವೂ ಟಂಕಸಾಲೆಯ ದೋಷಗಳಲ್ಲ. ಆಮ್ಲದಲ್ಲಿ ಅದ್ದಿದ ನಾಣ್ಯ ತೂಕ ಕಳೆದುಕೊಂಡಿರುತ್ತದೆ, ಅಕ್ಷರಗಳೆಲ್ಲ ಒಂದೇ ಸಮ ಮಂಕಾಗಿರುತ್ತವೆ.

ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಎಂದರೆ ನಮಗೆ ನೆನಪಾಗುವುದು 1975ರ ‘ಶೋಲೆ’ ಸಿನಿಮಾದ ಜೈ. ಇಂಥ ನಾಣ್ಯವನ್ನು ಜಾದೂಗಾರರಿಗಾಗಿಯೇ ತಯಾರಿಸುತ್ತಾರೆ. ಎರಡು ನಾಣ್ಯಗಳನ್ನು ಕೊರೆದು ಒಂದರೊಳಗೊಂದು ಕೂರಿಸುತ್ತಾರೆ. ಒಂದು ಮುಖದ ಅಂಚಿನ ಒಳಬದಿಯಲ್ಲಿ ಸುತ್ತಲೂ ಕೂದಲೆಳೆಯಂಥ ಗೆರೆ ಕಂಡರೆ ಅದು ಜೋಡಿಸಿದ ನಾಣ್ಯ.

ಇನ್ನೊಂದು ಎಚ್ಚರಿಕೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವನ್ನು ಕರಗಿಸುವುದು, ನಾಶಪಡಿಸುವುದು ಶಿಕ್ಷಾರ್ಹ ಅಪರಾಧ. ಗರಿಷ್ಠ ಏಳು ವರ್ಷ ಜೈಲು ಮತ್ತು ದಂಡ ವಿಧಿಸಬಹುದು. “ಮನೆಯಲ್ಲೇ ಎರರ್ ಕಾಯಿನ್ ಮಾಡಿ” ಎನ್ನುವ ವಿಡಿಯೋ ನೋಡಿ ಪ್ರಯೋಗಕ್ಕಿಳಿಯಬೇಡಿ.

ಮನೆಯಲ್ಲೇ ಐದು ನಿಮಿಷದ ಪರೀಕ್ಷೆ

1. ಅದೇ ಮೌಲ್ಯ, ಅದೇ ಇಸವಿ, ಅದೇ ಟಂಕಸಾಲೆ ಗುರುತಿನ ಇನ್ನೊಂದು ನಾಣ್ಯ ಹುಡುಕಿ ಪಕ್ಕದಲ್ಲಿಡಿ. ಎರಡೂ ಒಂದೇ ರೀತಿ ಇದ್ದರೆ ಅದು ವಿನ್ಯಾಸವೇ ಹೊರತು ದೋಷವಲ್ಲ.
2. ಬೆಳಕನ್ನು ಪಕ್ಕದಿಂದ ಬೀಳಿಸಿ ಭೂತಗನ್ನಡಿಯಲ್ಲಿ ನೋಡಿ. ಗೆರೆ ಉಬ್ಬಿದೆಯೇ, ತಗ್ಗಿದೆಯೇ?
3. ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿ. ಗ್ರಾಂನ ಸಣ್ಣ ಭಾಗವನ್ನೂ ತೋರಿಸುವ ತಕ್ಕಡಿ ಬೇಕು, ತರಕಾರಿ ತಕ್ಕಡಿ ಉಪಯೋಗವಿಲ್ಲ.
4. ಅಂಚನ್ನು ಸುತ್ತಲೂ ನೋಡಿ. ಅರದ ಗೀರು, ಸುತ್ತಿಗೆಯ ಪೆಟ್ಟು, ಇಕ್ಕಳದ ಹಲ್ಲು ಅಡಗಿಕೊಳ್ಳುವುದು ಅಲ್ಲೇ.
5. ಕೊನೆಗೆ ಅದೇ ಪ್ರಶ್ನೆ: ಬಿಲ್ಲೆ, ಅಚ್ಚು, ಏಟು, ಇವುಗಳಲ್ಲಿ ಎಲ್ಲಿ ಇದು ಆಗಿರಬಹುದು?

ಎಲ್ಲಾ ಉತ್ತರವೂ ಟಂಕಸಾಲೆಯ ಕಡೆಗೇ ಬೆರಳು ತೋರಿಸಿದರೆ ನಾಣ್ಯವನ್ನು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ತೊಳೆದು ಹೊಳೆಸಿದ ನಾಣ್ಯಕ್ಕೆ ಸಂಗ್ರಹಕಾರರಲ್ಲಿ ಬೆಲೆ ಇಳಿಯುತ್ತದೆ. ಒಂದು ಕಾಗದದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಇಡಿ.

ಹಾಗಾದರೆ ಬೆಲೆ ಎಷ್ಟು?

ಇದಕ್ಕೆ ಬೆಲೆಪಟ್ಟಿ ಇಲ್ಲ. ದೋಷ ಎಷ್ಟು ಎದ್ದು ಕಾಣುತ್ತದೆ, ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ, ಅಂಥವು ಎಷ್ಟಿವೆ, ಕೊಳ್ಳುವವರು ಎಷ್ಟು ಜನ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಚಿಕ್ಕಪುಟ್ಟ ಬಿರುಕು, ಮಂಕು ಅಕ್ಷರಗಳಿಗೆ ಮುಖಬೆಲೆಗಿಂತ ಹೆಚ್ಚು ಸಿಗುವುದೇ ಕಷ್ಟ.

ಕೇಳುವ ಬೆಲೆಗೂ ಮಾರಾಟವಾಗುವ ಬೆಲೆಗೂ ಇರುವ ಅಂತರ ತಿಳಿಯಲು ಬ್ರಿಟನ್ನಿನ ಒಂದು ನಿಜವಾದ ಪ್ರಕರಣ ನೋಡಿ. 2008ರಲ್ಲಿ ಅಲ್ಲಿ 20 ಪೆನ್ಸ್ ನಾಣ್ಯದ ವಿನ್ಯಾಸ ಬದಲಾಯಿತು. ಹಿಂದೆ ಇಸವಿ ಇದ್ದದ್ದು ಒಂದು ಮುಖದಲ್ಲಿ, ಹೊಸದರಲ್ಲಿ ಅದು ಇನ್ನೊಂದು ಮುಖಕ್ಕೆ ಹೋಯಿತು. ಟಂಕಸಾಲೆಯಲ್ಲಿ ಹಳೆಯ ಅಚ್ಚು ಒಂದು ಕಡೆ, ಹೊಸ ಅಚ್ಚು ಇನ್ನೊಂದು ಕಡೆ ಸೇರಿಹೋಗಿ ಇಸವಿಯೇ ಇಲ್ಲದ ನಾಣ್ಯಗಳು ಹೊರಬಂದವು. ಬ್ರಿಟನ್ನಿನ ರಾಯಲ್ ಮಿಂಟ್ ತಾನೇ ತಪ್ಪನ್ನು ಒಪ್ಪಿಕೊಂಡಿತು. ಸುದ್ದಿ ಹರಡಿದ ಕೂಡಲೇ ಆನ್‌ಲೈನಿನಲ್ಲಿ ಸಾವಿರಾರು ಪೌಂಡ್ ಬೆಲೆ ಹಾಕಿ ಜನ ಮಾರಾಟಕ್ಕಿಟ್ಟರು. ಗಲಾಟೆ ತಣ್ಣಗಾದ ಮೇಲೆ ಅವು ಸಾಮಾನ್ಯವಾಗಿ ಮಾರಾಟವಾದದ್ದು ನೂರು ಪೌಂಡ್‌ನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆಗೆ. ಟಂಕಸಾಲೆಯೇ ಒಪ್ಪಿದ, ದೇಶವೆಲ್ಲ ಮಾತಾಡಿದ ದೋಷದ ಕಥೆಯೇ ಹೀಗೆ. ನಮ್ಮ ಚಿಲ್ಲರೆ ಡಬ್ಬಿಯ ಮಸುಕು ನಾಣ್ಯಕ್ಕೆ ಹತ್ತು ಲಕ್ಷ ಯಾರು ಕೊಡುತ್ತಾರೆ?

ಆನ್‌ಲೈನಿನಲ್ಲಿ ಯಾರೋ ಐದು ಲಕ್ಷ ಎಂದು ಬರೆದುಕೊಂಡರೆ ಅದು ಅವರ ಆಸೆ, ಮಾರುಕಟ್ಟೆಯ ಬೆಲೆಯಲ್ಲ. ನಿಜ ಬೆಲೆ ತಿಳಿಯಬೇಕಾದರೆ ನಾಣ್ಯ ಹರಾಜುಗಳಲ್ಲಿ ಅಂಥದ್ದೇ ನಾಣ್ಯ ಎಷ್ಟಕ್ಕೆ ಮಾರಾಟವಾಯಿತು ಎಂದು ನೋಡಬೇಕು. ಬೆಂಗಳೂರಿನಂಥ ನಗರಗಳಲ್ಲಿ ಆಗಾಗ ನಾಣ್ಯ ಪ್ರದರ್ಶನಗಳು ನಡೆಯುತ್ತವೆ. ಅಲ್ಲಿ ಇಬ್ಬರು ಮೂವರು ಅನುಭವಿಗಳಿಗೆ ಬೇರೆ ಬೇರೆಯಾಗಿ ತೋರಿಸಿ.

ಬಲೆ ಇರುವುದು ಎಲ್ಲಿ?

ಈ ವಂಚನೆಯಲ್ಲಿ ನಾಣ್ಯ ಬರೀ ಗಾಳದ ಹುಳು. ಫೋಟೋ ಕಳುಹಿಸಿದ ಕೂಡಲೇ “ನಿಮ್ಮ ನಾಣ್ಯ ಆಯ್ಕೆಯಾಗಿದೆ” ಎಂಬ ಉತ್ತರ ಬರುತ್ತದೆ. ಯಾವ ನಾಣ್ಯದ ಫೋಟೋ ಕಳುಹಿಸಿದರೂ ಉತ್ತರ ಅದೇ. ನಂತರ ನೋಂದಣಿ ಶುಲ್ಕ, ಅದಾದ ಮೇಲೆ ಜಿಎಸ್‌ಟಿ, ಅದಾದ ಮೇಲೆ ‘ರಿಸರ್ವ್ ಬ್ಯಾಂಕ್ ಅನುಮತಿ’ಯ ಶುಲ್ಕ. ಮೊತ್ತ ಮೊದಲಿಗೆ ಸಣ್ಣದು, ಆಮೇಲೆ ಬೆಳೆಯುತ್ತದೆ. ಕೊಟ್ಟದ್ದನ್ನು ಬಿಡಲಾಗದೆ ಜನ ಇನ್ನಷ್ಟು ಕೊಡುತ್ತಾರೆ. ನಕಲಿ ಗುರುತಿನ ಚೀಟಿ, ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪತ್ರವನ್ನೂ ತೋರಿಸಬಹುದು.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಈ ಬಗ್ಗೆಯೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ತಾನು ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರ ಮಾಡುವುದಿಲ್ಲ, ಇದಕ್ಕಾಗಿ ಯಾವುದೇ ಶುಲ್ಕ, ಕಮಿಷನ್ ಕೇಳುವುದಿಲ್ಲ, ತನ್ನ ಪರವಾಗಿ ಶುಲ್ಕ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಹೇಳಿದೆ.

ನೆನಪಿಡಬೇಕಾದದ್ದು ಇಷ್ಟು. ನಾಣ್ಯ ಮಾರುವವರು ನೀವು, ಹಣ ಕೊಡಬೇಕಾದವರು ಅವರು. ಮಾರುವವರೇ ಮುಂಗಡ ಕಟ್ಟಬೇಕು ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ. ಪಿನ್ ಹಾಕಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಈಗಾಗಲೇ ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಡಮಾಡದೆ 1930 ಸೈಬರ್ ವಂಚನೆ ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫಾರ್ವರ್ಡ್ ಒತ್ತುವ ಮುನ್ನ

“ನನಗೆ ಉಪಯೋಗ ಇಲ್ಲದಿದ್ದರೂ ಯಾರಿಗಾದರೂ ಆಗಲಿ” ಎಂದುಕೊಂಡು ಇಂಥ ಸಂದೇಶ ಕಳುಹಿಸುವವರೇ ಹೆಚ್ಚು. ಉದ್ದೇಶ ಒಳ್ಳೆಯದೇ. ಆದರೆ ಫ್ಯಾಮಿಲಿ ಗ್ರೂಪಿನಲ್ಲಿ ಅದನ್ನು ನಿಜಕ್ಕೂ ನಂಬಿ ಆ ನಂಬರಿಗೆ ಕರೆ ಮಾಡುವವರು ಹಣದ ಅಗತ್ಯ ತುಂಬಾ ಇರುವವರು: ಪಿಂಚಣಿಯಲ್ಲಿ ಬದುಕುವ ಹಿರಿಯರು, ಸಾಲದಲ್ಲಿರುವ ಅಣ್ಣ, ಕೆಲಸ ಹುಡುಕುತ್ತಿರುವ ತಮ್ಮ. ನೀವು ಕಳುಹಿಸಿದ್ದು ಎಂಬ ಕಾರಣಕ್ಕೇ ಅವರು ನಂಬುತ್ತಾರೆ.

ಚಿಲ್ಲರೆ ನೋಡುವುದು ಒಳ್ಳೆಯ ಹವ್ಯಾಸ. ಮಕ್ಕಳನ್ನು ಕೂರಿಸಿಕೊಂಡು ಯಾವ ನಾಣ್ಯ ಹೈದರಾಬಾದಿನಿಂದ ಬಂತು, ಯಾವುದು ನೋಯ್ಡಾದಿಂದ ಬಂತು ಎಂದು ಹುಡುಕಿ. ಯಂತ್ರ ಎಲ್ಲಿ ಎಡವಿತು ಎಂದು ಊಹಿಸಿ. ನಿಜವಾದ ದೋಷ ಸಿಕ್ಕರೆ ಸಂತೋಷಪಡಿ, ಎತ್ತಿಡಿ. ಸಿಗದಿದ್ದರೆ ಆ ನಾಣ್ಯವನ್ನು ಅಂಗಡಿಯಲ್ಲಿ ಕೊಟ್ಟು ಕೊತ್ತಂಬರಿ ಸೊಪ್ಪು ತನ್ನಿ. 10 ರೂಪಾಯಿ ನಾಣ್ಯವನ್ನು ಯಾರಾದರೂ “ನಡೆಯಲ್ಲ” ಎಂದರೆ, 14 ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ ಎಂದು ತಿಳಿಸಿ. ಫಾರ್ವರ್ಡ್ ಮಾಡಲೇಬೇಕಿದ್ದರೆ ಮಾಡಬೇಕಾದ ವಿಷಯ ಅದು.